ಆಯ: ಎರಡಕ್ಷರದ ಲೆಕ್ಕ

ವರ್ಷವರ್ಷವೂ ಶಿವರಾತ್ರಿಯ ಚಳಿ ಬಿಡುವ ಹೊತ್ತಿಗೆ ಕನ್ನಡದಲ್ಲಿ ಒಂದೇ ಪುಸ್ತಕಕ್ಕೆ ಮೂರು ಹೆಸರುಗಳು ಓಡಾಡತೊಡಗುತ್ತವೆ. ವಿಧಾನಸೌಧದಲ್ಲಿ ಹಂಚುವ ಪ್ರತಿಯ ಮೇಲೆ ಅದು 'ಆಯವ್ಯಯ', ಹಳೆಯ ತಲೆಮಾರಿನ ಪತ್ರಕರ್ತರ ಬರವಣಿಗೆಯಲ್ಲಿ 'ಮುಂಗಡಪತ್ರ', ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತ ನಿಂತವರ ಬಾಯಲ್ಲಿ 'ಬಜೆಟ್'. ಸಂವಿಧಾನದಲ್ಲಿ ಮಾತ್ರ ಬಜೆಟ್ ಎಂಬ ಪದವೇ ಇಲ್ಲ. ಕೇಂದ್ರಕ್ಕೆ 112ನೆಯ, ರಾಜ್ಯಗಳಿಗೆ 202ನೆಯ ಅನುಚ್ಛೇದ ಹೇಳುವುದು ವಾರ್ಷಿಕ ಹಣಕಾಸಿನ ವಿವರಪಟ್ಟಿಯೊಂದನ್ನು ಸದನದ ಮುಂದಿಡಬೇಕೆಂದು, ಅಷ್ಟೇ.

ಮೂರರಲ್ಲಿ ಮೊದಲು ಬಜೆಟ್ಟನ್ನು ಬೇಗ ಮುಗಿಸಿಬಿಡೋಣ. ಅದರ ಮೂಲ ಫ್ರೆಂಚಿನ ಬೂಜೆತ್, ಅಂದರೆ ಚಿಕ್ಕ ತೊಗಲು ಚೀಲ, ನಮ್ಮ ಸಂಚಿ ಅಥವಾ ಹಸುಬೆಯ ದೂರದ ನೆಂಟ. 1733ರಲ್ಲಿ ಇಂಗ್ಲೆಂಡಿನ ವಾಲ್‌ಪೋಲನನ್ನು ಗೇಲಿ ಮಾಡಿದ ಒಂದು ಕಿರುಹೊತ್ತಗೆ ಅವನ ತೆರಿಗೆ ಯೋಜನೆಯನ್ನು ಅಳಲೆಕಾಯಿ ಪಂಡಿತನ ಚೀಲ ಬಿಚ್ಚಿದಂತೆ ಚಿತ್ರಿಸಿದ ಮೇಲೆ ಹೆಸರು ಅಂಟಿಕೊಂಡಿತು. ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಅದನ್ನು ತಂದ. 2019ರಲ್ಲಿ ತೊಗಲಿನ ಚೀಲ ಹೋಗಿ ಕೆಂಪು ವಸ್ತ್ರದ ಬಹಿ ಬಂತು, 2021ರಲ್ಲಿ ಕಾಗದವೂ ಹೋಯಿತು.

ಮುಂಗಡಪತ್ರದ ಬಗ್ಗೆ ನನಗೊಂದು ತಕರಾರಿದೆ. ಮುಂಗಡ ಎಂದರೆ ಮುಂದಿನ ಕಡೆ, ಮುಂಚಿತ, ಅಲ್ಲಿಂದ ಮುಂಚಿತವಾಗಿ ಕೊಟ್ಟ ಹಣ. ರಾಮನಾಥಪುರದ ಸುತ್ತಿನ ಹೊಗೆಸೊಪ್ಪಿನ ಬೆಳೆಗಾರನಿಗಾಗಲಿ, ಬಿತ್ತನೆ ಗೆಡ್ಡೆಗೆಂದು ಹಾಸನದ ಮಂಡಿಗೆ ಬರುವ ಆಲೂಗೆಡ್ಡೆಯ ರೈತನಿಗಾಗಲಿ ಮುಂಗಡವೆಂದರೆ ಬೆಳೆ ಏಳುವ ಮೊದಲೇ ಕೈಗೆ ಬಿದ್ದ ದುಡ್ಡು. ಸರ್ಕಾರದ ಪುಸ್ತಕದಲ್ಲಿರುವುದೋ ಬರಬಹುದಾದ ದುಡ್ಡಿನ ಅಂದಾಜು. ಒಂದೇ ಪದ ಒಬ್ಬನಿಗೆ ಬಂದದ್ದನ್ನೂ ಇನ್ನೊಬ್ಬನಿಗೆ ಬಾರದ್ದನ್ನೂ ಹೇಳುತ್ತಿದ್ದರೆ ನಮ್ಮಂಥವರು ಅನುಮಾನ ಪಡಲೇಬೇಕು.

ಉಳಿದದ್ದು ಆಯವ್ಯಯ. ಇದು ಸರ್ಕಾರಿ ಭಾಷಾಂತರಕಾರರು ಮೇಜಿನ ಮುಂದೆ ಕೂತು ಹೊಸೆದ ಪದವೆಂದು ತಿಳಿದವರು ಬಹಳ. ಹಾಗಲ್ಲ. ಸಂಸ್ಕೃತದ 'ಇ' ಎಂಬ ಒಂಟಿ ಸ್ವರದ ಧಾತು, ಹೋಗುವುದು ಎಂಬ ಅರ್ಥದ್ದು, 'ಆ' ಸೇರಿದಾಗ ಇತ್ತ ಬಂದು ಆಯವಾಯಿತು, 'ವಿ' ಸೇರಿದಾಗ ಅತ್ತ ಚದುರಿ ವ್ಯಯವಾಯಿತು. ಉಪಸರ್ಗ ಬದಲಾದಂತೆ ಇದೇ ಧಾತು ಉದಯ, ಸಮಯ, ಅನ್ವಯ, ಪ್ರತ್ಯಯ, ಅಧ್ಯಾಯ, ಉಪಾಯ, ಅಪಾಯ, ಕೊನೆಗೆ ಸಮುದಾಯವೂ ಆಗಿ ನಮ್ಮ ನಾಲಗೆಯ ಮೇಲೆ ನಿತ್ಯ ಓಡಾಡುತ್ತಿದೆ. ಬರುವುದೂ ಹೋಗುವುದೂ ಒಂದೇ ನಡಿಗೆಯ ಎರಡು ದಿಕ್ಕು ಎಂದು ಗುರುತಿಸಿದ ಆ ಪುರಾತನ ಲೆಕ್ಕಿಗನಿಗೆ ನಮಸ್ಕಾರ. ವ್ಯಯವೇ ತದ್ಭವವಾಗಿ ಹಳಗನ್ನಡದಲ್ಲಿ ಬೀಯವಾಯಿತು. ವೆಚ್ಚವೂ ಅದೇ ಮನೆಯ ಕೂಸೆಂದು ನಿಘಂಟುಕಾರರ ಎಣಿಕೆ. ಅರವತ್ತು ಸಂವತ್ಸರಗಳಲ್ಲಿ ಒಂದರ ಹೆಸರು ವ್ಯಯ, 2006ರ ಯುಗಾದಿಗೆ ಶುರುವಾದದ್ದು ಅದೇ. ಆಯ ಎಂಬ ಸಂವತ್ಸರ ಮಾತ್ರ ಆ ಪಟ್ಟಿಯಲ್ಲಿಲ್ಲ!

ಒಂದು ಎಚ್ಚರಿಕೆ ಬೇಕು. 'ಆದಾಯ' ಎಂಬುದು ಕಿವಿಗೆ ಆಯದ ಅಣ್ಣನಂತೆ ಕೇಳಿಸಿದರೂ ಅದರ ಮೂಲ 'ದಾ', ಕೊಡು-ತೆಗೆದುಕೊಳ್ಳು ಎಂಬ ಧಾತು. ದಾನ, ದಾಯ, ದಾಯಾದಿ, ಅನುದಾನ ಎಲ್ಲವೂ ಆ ಬಳ್ಳಿಯವು. ಅಕ್ಕಿಯಲ್ಲಿ ಕಲ್ಲು ಆಯುವ, ಪ್ರತಿನಿಧಿಯನ್ನು ಆಯ್ದುಕೊಳ್ಳುವ 'ಆಯ್' ಅಚ್ಚ ಕನ್ನಡದ ಬೇರೆಯದೇ ಕ್ರಿಯಾಪದ. ಅನುದಾನವನ್ನು ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಆಯವ್ಯಯಗಳನ್ನು ಜೋಡಿಯಾಗಿ, ಶಾಸ್ತ್ರವಾಗಿ, ಎಲ್ಲರಿಗಿಂತ ಬಿಗಿಯಾಗಿ ಬಳಸಿದವನು ಕೌಟಿಲ್ಯ. ಅವನ ಅರ್ಥಶಾಸ್ತ್ರ ನಮ್ಮ ಕೈಗೆ ಸಿಕ್ಕಿದ್ದೂ ಹಾಸನ ಸೀಮೆಯವರೊಬ್ಬರಿಂದ. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣ ಎಂದರೆ ಸಂಗೀತಗಾರರ ಊರೆಂದೇ ನಮಗೆ ಮೊದಲು ನೆನಪಾಗುತ್ತದೆ. ಅದೇ ಊರಿನ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದಾಗ, ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ್ದ ಓಲೆಗರಿಯ ಕಟ್ಟಿನಲ್ಲಿ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ದುರ್ಗ, ರಾಷ್ಟ್ರ, ಗಣಿ, ಸೇತು, ವನ, ವ್ರಜ, ವಣಿಕ್ಪಥ ಎಂಬ ಏಳು ಬಾಬುಗಳನ್ನು ಕೂಡಿಸಿ 'ಆಯಶರೀರ' ಎಂದು ಕರೆದಿದೆ. ಎದುರಿಗೆ ದೇವಪೂಜೆಯಿಂದ ಅರಮನೆಯ ಅಡುಗೆಮನೆಯವರೆಗೆ ಪಟ್ಟಿ ಮಾಡಿದ 'ವ್ಯಯಶರೀರ'. ಒಂದರಲ್ಲಿ ಇನ್ನೊಂದನ್ನು ಕಳೆದು ನಿಂತದ್ದಕ್ಕೆ 'ನೀವಿ'. ಕಾವ್ಯ ಓದುವವರಿಗೆ ನೀವಿ ಎಂದರೆ ಸೊಂಟದ ಸೀರೆಗಂಟು. ಹಣ ಕಟ್ಟಿಕೊಳ್ಳುವುದೂ ಸೊಂಟಕ್ಕೇ ಆದ್ದರಿಂದ ಈ ಎರಡು ಅರ್ಥಗಳ ನಡುವೆ ಬಹಳ ದೂರವಿಲ್ಲ. ಲೆಕ್ಕಿಗರು ವರ್ಷದ ಲೆಕ್ಕವನ್ನು ಆಷಾಢದಲ್ಲಿ ತಂದೊಪ್ಪಿಸಬೇಕೆಂದೂ ಅಲ್ಲಿ ವಿಧಿಯಿದೆ. ಮೈಸೂರು ಸಂಸ್ಥಾನದ ಹಣಕಾಸು ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತಿದ್ದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಖುಷಿಯಾಗುತ್ತದೆ, ಕಾಕತಾಳೀಯವೇ ಆದರೂ.

ಕನ್ನಡ ಶಾಸನಗಳಿಗೆ ಬಂದ ಮೇಲೆ ಆಯ ಮಣ್ಣು ಮೆತ್ತಿಕೊಳ್ಳುತ್ತದೆ. ಹೊಯ್ಸಳರ ಕಾಲದ ಹಾಸನ ಸೀಮೆಯ ಕಲ್ಲುಗಳಲ್ಲಿ ಊರಿಗೆ ನಿಗದಿಯಾದ ಕಂದಾಯ 'ಸಿದ್ಧಾಯ', ಅಂದರೆ ಸಿದ್ಧಪಟ್ಟ ಆಯ. ಮೊದಲಿಂದ ಬಂದದ್ದು 'ಪೂರ್ವಾಯ', ಹೊಸದಾಗಿ ಹೇರಿದ್ದು 'ಅಪೂರ್ವಾಯ'. ಅಪೂರ್ವ ಎಂಬ ಪದಕ್ಕೆ ತೆರಿಗೆದಾರನ ಬಾಯಲ್ಲಿ ಎಂಥ ಕಹಿ ಇದ್ದಿರಬೇಕು ನೋಡಿ. ಸುತ್ತ ಮಗ್ಗದೆರೆ, ಗಾಣದೆರೆ, ಮದುವೆದೆರೆ, ದೊಡ್ಡ ಸರಕಿಗೆ ಹೆಜ್ಜುಂಕ, ಚಿಲ್ಲರೆ ಬಾಬುಗಳಿಗೆ ಕಿರುಕುಳ. ಹೌದು, ಇವತ್ತು ನಾವು ಪೊಲೀಸ್ ಠಾಣೆಯಲ್ಲಿ ದೂರು ಕೊಡುವ ಕಿರುಕುಳವೇ! ಚಿಕ್ಕದು, ಕ್ಷುಲ್ಲಕವಾದದ್ದು ಎಂಬ ಅರ್ಥದಿಂದ ಹೊರಟ ಪದ ಚಿಕ್ಕ ಸುಂಕಗಳ ಬಾಗಿಲಲ್ಲಿ ಕೆಲಕಾಲ ತಂಗಿ ಪೀಡೆಯ ಅರ್ಥದಲ್ಲಿ ನೆಲೆ ನಿಂತಿತು. ಸುಂಕದವನ ಮುಂದೆ ನಿಂತು ಬಂದವರಿಗೆ ಆ ಪಯಣದ ವಿವರಣೆ ಬೇಕಾಗಲಾರದು.

ಆಯ ಬಂದು ಬೀಳುವ ಜಾಗ ಭಂಡಾರ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ದೊಡ್ಡ ಬಸದಿಗೇ ಭಂಡಾರಿ ಬಸದಿ ಎಂದು ಹೆಸರು. ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಅದನ್ನು ಕಟ್ಟಿಸಿದ, ಅರಸ ಸವಣೇರು ಎಂಬ ಊರನ್ನು ದತ್ತಿಯಾಗಿ ಬಿಟ್ಟ. ಅದೇ ಬಸದಿಯ ಬಳಿ 1368ರ ಬುಕ್ಕರಾಯನ ಶಾಸನವೂ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಇಬ್ಬರಿಗೂ ಭೇದವಿಲ್ಲವೆಂದು ಕೈ ಹಿಡಿಸಿ ಒಪ್ಪಿಸಿದ್ದಕ್ಕಾಗಿ ಅದನ್ನು ಎಲ್ಲರೂ ನೆನೆಯುತ್ತಾರೆ; ಅದರೊಳಗಿನ ಆಯವ್ಯಯವನ್ನು ನೆನೆಯುವವರು ಕಡಿಮೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ. ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರು. ಮಿಕ್ಕದ್ದರಿಂದ ಜಿನಾಲಯಗಳ ಜೀರ್ಣೋದ್ಧಾರ. ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಯಾರಿಂದ ಎಷ್ಟು, ಯಾವ ಕೆಲಸಕ್ಕೆ, ಉಳಿದರೆ ಏನು, ಹೊಣೆ ಯಾರದು, ತಪ್ಪಿದರೆ ಯಾರಿಗೆ ಉತ್ತರ: ಇಷ್ಟನ್ನೂ ಒಂದೇ ಕಲ್ಲಿನಲ್ಲಿ ಅಡಗಿಸಿದ ಈ ಲೆಕ್ಕವನ್ನು ಓದಿದ ಮೇಲೆ ಇಂದಿನ ಬೇಡಿಕೆ ಪುಸ್ತಕಗಳ ಸಾವಿರಾರು ಪುಟಗಳು ಸ್ವಲ್ಪ ಮಂಕಾಗಿ ಕಾಣುತ್ತವೆ.

ಊರೊಳಗೆ ಆಯಕ್ಕೆ ಇನ್ನೊಂದು ಜೀವ ಬಂತು. ಕಣದಲ್ಲಿ ರಾಶಿಪೂಜೆಯಾದ ಮೇಲೆ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ ಎಂದು ಹನ್ನೆರಡು ಮಂದಿಗೆ ಅಳೆದುಕೊಡುತ್ತಿದ್ದ ಧಾನ್ಯದ ಪಾಲು 'ಆಯ', ಪಡೆಯುವವರು 'ಆಯಗಾರರು'; ಹನ್ನೆರಡರ ಪಟ್ಟಿ ಊರಿಂದೂರಿಗೆ ಕೊಂಚ ಬದಲಾಗುತ್ತಿತ್ತು. ಇಲ್ಲಿ ಅರ್ಥ ತಿರುಗಿದ್ದನ್ನು ಗಮನಿಸಬೇಕು. ಅರಸನ ಕಡೆಯಿಂದ ನೋಡಿದಾಗ ಆಯ ಎಂದರೆ ತನಗೆ ಬರುವುದು. ಕಣದಲ್ಲಿ ನಿಂತ ಕಮ್ಮಾರನ ಕಡೆಯಿಂದಲೂ ತನಗೆ ಬರುವುದೇ, ಆದರೆ ಅದು ಯಾರ ಕೃಪೆಯೂ ಅಲ್ಲ, ಕುಳ ತಟ್ಟಿದ್ದಕ್ಕೆ ಸಲ್ಲಬೇಕಾದ ಹಕ್ಕು. ಬೇಡಿ ಪಡೆದದ್ದು ಭಿಕ್ಷೆ, ಮನಸ್ಸಿಗೆ ಬಂದು ಕೊಟ್ಟದ್ದು ದಾನ, ವಾಡಿಕೆಯಿಂದ ಸಲ್ಲುವುದು ಆಯ. ಈ ವ್ಯವಸ್ಥೆಯನ್ನು ಹೊಗಳುವ ಮನಸ್ಸು ನನಗಿಲ್ಲ. ತೋಟಿಯ ಪಾಲು ಎಷ್ಟಿರಬೇಕೆಂದು ತೋಟಿಯನ್ನು ಯಾರೂ ಕೇಳಲಿಲ್ಲ, ಜಾತಿಯೇ ಬಳ್ಳವಾಗಿ ಅಳೆಯುತ್ತಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾನೂನು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳು ಹೋದದ್ದು ಒಳ್ಳೆಯದೇ ಆಯಿತು. ಪದದ ಅರ್ಥ ಮಾತ್ರ ಉಳಿಸಿಕೊಳ್ಳತಕ್ಕದ್ದು.

ಮನೆ ಕಟ್ಟುವವರ ಬಾಯಲ್ಲಿ ಆಯ ಅಳತೆಯಾಯಿತು. ಉದ್ದ ಅಗಲಗಳನ್ನು ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯ ಇತ್ಯಾದಿ. ವಾಸ್ತುಗ್ರಂಥಗಳ ಆಯಾದಿ ಷಡ್ವರ್ಗದಲ್ಲಿ ಮೊದಲೆರಡು ಆಯ ಮತ್ತು ವ್ಯಯಗಳೇ, ಮತ್ತು ಆಯ ವ್ಯಯಕ್ಕಿಂತ ಹೆಚ್ಚಿದ್ದರೆ ಮಾತ್ರ ಮನೆ ಶುಭ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಕೊರತೆಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ. 3ರೊಳಗೆ ಇರಿಸಬೇಕೆಂದು ಕಟ್ಟಿದ ಗೆರೆ ಇದಕ್ಕಿಂತ ಉದಾರವಾದದ್ದು. ಬಹುಶಃ ಈ ಅಳತೆಯ ಅರ್ಥದಿಂದಲೇ 'ಆಯ ತಪ್ಪಿ ಬಿದ್ದ' ಎಂಬ ಮಾತು ಬಂದದ್ದು. 'ಆಯಕಟ್ಟಿನ ಜಾಗ' ಎಂಬ ಬಳಕೆಯೂ ಅದರ ನೆರೆಯದೇ. ಅಳತೆ, ತೂಕ, ಸಮತೋಲ, ಹಿಡಿತದ ಜಾಗ: ಬರುವುದು ಎಂಬ ಧಾತ್ವರ್ಥದಿಂದ ಎಷ್ಟು ದೂರ ನಡೆದಿದೆ ನೋಡಿ. ಇನ್ನು ಯುಗಾದಿಯ ಸಂಜೆ ಪಂಚಾಂಗ ಶ್ರವಣದಲ್ಲಿ ನಮ್ಮ ನಮ್ಮ ರಾಶಿಯ ಆಯ ಎಷ್ಟು, ವ್ಯಯ ಎಷ್ಟು ಎಂದು ಕಿವಿಗೊಡುವುದು ಇದ್ದೇ ಇದೆ. ಅದರ ಪಕ್ಕದಲ್ಲಿ ನಾಲ್ಕು ತಿಂಗಳಿಗೊಂದರಂತೆ ಮೂರು 'ಕಂದಾಯ'ಗಳ ಫಲ. ಖಜಾನೆಯ ಪರಿಭಾಷೆ ಗ್ರಹಗಳಿಗೂ ತಗಲಿಕೊಂಡಿದೆ.

ಹೈದರ್ ಟಿಪ್ಪುಗಳ ಕಾಲಕ್ಕೆ ಕಚೇರಿಯ ಕನ್ನಡದಲ್ಲಿ ಪಾರಸಿ ಅರಬ್ಬಿ ಪದಗಳು ಗಟ್ಟಿಯಾಗಿ ಕೂತವು. ಆಯ ಜಮಾ ಆಯಿತು, ವ್ಯಯ ಖರ್ಚಾಯಿತು, ನೀವಿ ಶಿಲ್ಕಾಯಿತು. 'ಖರ್ಚುವೆಚ್ಚ' ಎಂಬ ಜೋಡಿಪದದಲ್ಲಿ ಪಾರಸಿಯೂ ಸಂಸ್ಕೃತದ ತದ್ಭವವೂ ಹೆಗಲ ಮೇಲೆ ಕೈಹಾಕಿಕೊಂಡಿವೆ. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಬರೆಯುತ್ತಿದ್ದ 'ಕಡತ' ಇಂದು ಫೈಲು. ವರ್ಷಾಂತ್ಯದ ಕಂದಾಯ ತಾಳೆಯಾಗಿದ್ದ 'ಜಮಾಬಂದಿ' ಇಂದು ಗ್ರಾಮ ಪಂಚಾಯಿತಿಯ ಖರ್ಚನ್ನು ಊರವರ ಮುಂದೆ ಓದಿಹೇಳುವ ಸಭೆ.

ಮೇಲಿನವರು ಬರೆದ ಆಯವ್ಯಯಕ್ಕೆ ಕೆಳಗಿನವರ ಒಪ್ಪಿಗೆ ಬೇಕೆಂಬ ಹೊಸ ವಿಚಾರ ಮೈಸೂರಿಗೆ ಮೆಲ್ಲಮೆಲ್ಲಗೆ ಬಂತು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಕೂಡಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ಸದಸ್ಯರು ದಿವಾನರ ವರದಿ ಕೇಳುವವರು, ಅಹವಾಲು ಹೇಳುವವರು, ಮತ ಹಾಕುವವರಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ರೆಗ್ಯುಲೇಷನ್‌ಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ಸಿಕ್ಕಿ, ಹೊಸ ತೆರಿಗೆಯ ಮುನ್ನ ಅದರ ಅಭಿಪ್ರಾಯ ಕೇಳುವುದೆಂದೂ, ನ್ಯಾಯವಿಧಾಯಕ ಸಭೆ ಖರ್ಚಿನ ಬೇಡಿಕೆಗಳ ಮೇಲೆ ಮತ ಹಾಕಬಹುದೆಂದೂ ಆಯಿತು. ಕೇಳುವುದರಿಂದ ಒಪ್ಪುವುದಕ್ಕೆ ಬರಲು ನಲವತ್ತೆರಡು ವರ್ಷ ಹಿಡಿಯಿತು.

ಸಂವಿಧಾನದ ಕಾಲದಲ್ಲಿ ಒಪ್ಪಿಗೆಗೆ ಪರಿಭಾಷೆಯ ಒಂದು ಸಾಲೇ ಹುಟ್ಟಿತು. ಸದನ ಮತಹಾಕಿ ಒಪ್ಪುವ ವೆಚ್ಚ 'ಪುರಸ್ಕೃತ', ಮತವಿಲ್ಲದೆ ಸಂಚಿತ ನಿಧಿಯ ಮೇಲೆ ನೇರ ಬೀಳುವ ವೆಚ್ಚ 'ಪ್ರಭೃತ'. ಒಪ್ಪಿದ ಹಣವನ್ನು ಕೆಲಸಕ್ಕೆ ಕಟ್ಟುವುದು 'ಧನವಿನಿಯೋಗ ವಿಧೇಯಕ'. ಲಗ್ನಪತ್ರಿಕೆಯ 'ತೀರ್ಥಪ್ರಸಾದ ವಿನಿಯೋಗ'ದಿಂದ ನಾವು ಇದನ್ನು ಹಂಚುವುದು ಎಂದು ತಿಳಿದಿದ್ದೇವೆ. ಸಂಧ್ಯಾವಂದನೆ ಮಾಡುವವರು ಮಂತ್ರಕ್ಕೆ ಮೊದಲು ಹೇಳುವ 'ವಿನಿಯೋಗಃ' ನಿಜವಾದ ಅರ್ಥಕ್ಕೆ ಹತ್ತಿರ: ಈ ಮಂತ್ರ ಈ ಕರ್ಮಕ್ಕೆ, ಬೇರೆಯದಕ್ಕಲ್ಲ. ವರ್ಷ ಶುರುವಾದರೂ ಒಪ್ಪಿಗೆ ಮುಗಿಯದಿದ್ದರೆ ಅಷ್ಟರಮಟ್ಟಿಗೆ ಕೈಖರ್ಚು ಕೊಡುವುದು 'ಲೇಖಾನುದಾನ'.

ಹೀಗೆ ತಡವಾಗಿ ಬರುವ ಒಪ್ಪಿಗೆಗೂ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಗೂ ವಿಚಿತ್ರ ನಂಟಿದೆ. ಆ ಊರಿನ ಎಚ್.ಡಿ. ದೇವೇಗೌಡರ ಕೇಂದ್ರ ಸರ್ಕಾರದ ಆಯವ್ಯಯವನ್ನು ಹಣಕಾಸು ಸಚಿವ ಚಿದಂಬರಂ 1997ರ ಫೆಬ್ರವರಿ 28ರಂದು ಮಂಡಿಸಿದರು. ಯುಗಾದಿಯ ಬೆನ್ನಲ್ಲೇ, ಏಪ್ರಿಲ್ 11ರಂದು, ಸರ್ಕಾರ ವಿಶ್ವಾಸಮತ ಸೋತಿತು. ಅದೇ ಆಯವ್ಯಯಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟದ್ದು ಗುಜ್ರಾಲರು ಪ್ರಧಾನಿಯಾದ ಮೇಲೆ. ಇಪ್ಪತ್ತೆರಡು ವರ್ಷ ಕಳೆದು 2019ರ ಫೆಬ್ರವರಿ 8ರಂದು ಅದೇ ಊರಿನ ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ ರಾಜ್ಯದ ಆಯವ್ಯಯವೂ ಅವರ ಸರ್ಕಾರಕ್ಕಿಂತ ಹೆಚ್ಚು ಬಾಳಿತು. ಜುಲೈ 29ರಂದು ಅದರ ಮೇಲೆ ಸದನದ ಒಪ್ಪಿಗೆ ಕೇಳಿದವರು ಯಡಿಯೂರಪ್ಪ. ವ್ಯಕ್ತಿ ಹೋದರೂ ಲೆಕ್ಕ ನಿಲ್ಲುವಂತೆ ಕಟ್ಟಿದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಲೆಕ್ಕ ನಿಂತರೂ ಚರ್ಚೆ ನಿಲ್ಲುತ್ತಿಲ್ಲ ಎಂಬುದೇ ಈಗಿನ ದೂರು. ಸಂಸತ್ತಿನಲ್ಲಿ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ರಚಿಸಿ ಬೇಡಿಕೆಗಳನ್ನು ಅವುಗಳ ಮುಂದಿಟ್ಟರು, ಒಳ್ಳೆಯ ಸುಧಾರಣೆ. 2017ರಲ್ಲಿ ಮಂಡನೆಯ ದಿನವನ್ನು ಫೆಬ್ರವರಿ 1ಕ್ಕೆ ಹಿಂದೂಡಿ, 1924ರಿಂದ ಬೇರೆಯಿದ್ದ ರೈಲ್ವೆ ಬಜೆಟ್ಟನ್ನು ಒಳಗೆ ಸೇರಿಸಿ, ಮಾರ್ಚ್ 31ರೊಳಗೆ ಒಪ್ಪಿಗೆ ಮುಗಿಸುವ ಏರ್ಪಾಡು ಮಾಡಿದರು; ವರ್ಷವರ್ಷವೂ ಎರಡು ತಿಂಗಳ ಲೇಖಾನುದಾನ ಪಡೆಯುವ ಹಳೆಯ ವಾಡಿಕೆ ತಪ್ಪಿತು, ಅದೂ ಸರಿಯೇ. ಆದರೆ ಚರ್ಚೆಗೆ ಬಾರದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ಗಿಲೋಟಿನ್ ಎಂಬ ಪದ್ಧತಿ ಹಾಗೇ ಇದೆ. 2018ರ ಮಾರ್ಚ್‌ನಲ್ಲಿಯೂ 2023ರ ಮಾರ್ಚ್‌ನಲ್ಲಿಯೂ ಲೋಕಸಭೆ ಗದ್ದಲದ ನಡುವೆ ಒಂದೇ ಒಂದು ಸಚಿವಾಲಯದ ಬೇಡಿಕೆಯನ್ನೂ ಚರ್ಚಿಸದೆ ಎಲ್ಲವನ್ನೂ ಒಪ್ಪಿತು. ಒಂದು ಇಲಾಖೆಯ ನೀತಿಯನ್ನೇ ಒಪ್ಪದ ಸದಸ್ಯನು ಅದರ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕೆಂದು ಸೂಚಿಸಬಹುದಾದ ಸೊಗಸಾದ ನಿಯಮವೂ ಆಗ ಪುಸ್ತಕದಲ್ಲೇ ಉಳಿಯುತ್ತದೆ. ಯೋಜನೆಯ ಅಂದಾಜುಗಳದೂ ಇದೇ ಪಾಡು. ಸಕಲೇಶಪುರದ ಎತ್ತಿನಹೊಳೆ ಯೋಜನೆ 2012ರಲ್ಲಿ 8,323 ಕೋಟಿ, 2014ರಲ್ಲಿ 12,912 ಕೋಟಿ, ಆಮೇಲೆ 23,251 ಕೋಟಿ ರೂಪಾಯಿ. ಬೆಲೆ ಏರಿದ್ದಕ್ಕೆ ಕಾರಣಗಳಿರಬಹುದು. ಏರಿದಾಗಲೆಲ್ಲ ಸದನ ಅದನ್ನೇ ಬಿಡಿಯಾಗಿ ಎತ್ತಿಕೊಂಡು ಒಂದು ಹಗಲು ಕೂತು ಕೇಳಬೇಕೆಂಬ ನಿಯಮವಿಲ್ಲ. ನನ್ನ ಮಟ್ಟಿಗೆ ಆಗಬೇಕಾದ ಸುಧಾರಣೆ ಅಲ್ಲಿದೆ, ಮಂಡನೆಯ ದಿನಾಂಕದಲ್ಲಲ್ಲ.

ಈಗ ಅನುದಾನಕ್ಕೆ ಬರೋಣ. ಸಂವಿಧಾನದ ಮಾತಿನಲ್ಲಿ ಬೇಡುವುದು ಸರ್ಕಾರ, ಕೊಡುವುದು ಸದನ. ಅದಕ್ಕೇ ಅದು 'ಅನುದಾನದ ಬೇಡಿಕೆ'. ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ, ಅಥವಾ ರಾಜ್ಯದ ಯಾವ ದಾರಿಯಲ್ಲಾದರೂ, ನಿಂತ ಫಲಕಗಳಲ್ಲಿ ದಿಕ್ಕು ತಿರುಗಿದೆ: ಶಾಸಕರು ಇಷ್ಟು ಲಕ್ಷ ಅನುದಾನ ತಂದರು, ಸರ್ಕಾರ ಬಿಡುಗಡೆ ಮಾಡಿತು, ಊರು ಕೃತಜ್ಞವಾಗಿದೆ. ಕೊಡುವ ಸದನದ ಸದಸ್ಯನೇ ಬೇಡುವವನಾದ, ಬೇಡಬೇಕಾದ ಸರ್ಕಾರ ದಾನಿಯಾಯಿತು. ಊರ ಚರಂಡಿಗೆ ಬರುವ ದುಡ್ಡು ಊರವರೇ ತೆತ್ತದ್ದು. ಅದಕ್ಕೆ ಸರಿಯಾದ ಕನ್ನಡ ಪದ ಕಣದಲ್ಲಿ ಕಮ್ಮಾರನಿಗೆ ಗೊತ್ತಿತ್ತು, ಅದು ಆಯ. ದಾನ ಎಂದೊಪ್ಪಿಕೊಂಡ ಮೇಲೆ ಲೆಕ್ಕ ಕೇಳುವ ನಾಲಗೆ ಏಳುವುದಿಲ್ಲ.

ಹಳೆಯ ಶಾನುಭೋಗಿಕೆಯ ಮನೆಗಳು ಹಾಸನ ಸೀಮೆಯ ತಾಲ್ಲೂಕುಗಳಲ್ಲಿ ಇನ್ನೂ ಇವೆ. ಅಟ್ಟದ ಮೇಲೆ ಕಪ್ಪು ಬಟ್ಟೆಯ ಕಡತವೋ ಆಯದ ಬಾಬು ಬರೆದ ಹಾಳೆಗಳೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮ ಊರಿನಲ್ಲಿ ಯಾವ ಆಯಗಾರನಿಗೆ ಎಷ್ಟು ಕೊಳಗ ಸಲ್ಲುತ್ತಿತ್ತು, ಅದಕ್ಕೆ ಏನೆಂದು ಹೆಸರಿತ್ತು ಎಂಬುದನ್ನು, ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.